ಹಿಂದಕ್ಕೆ ಹೆಜ್ಜೆ ಹಾಕುವವರು: ತೆರೆಯ ಮೇಲಿನ ಜೋಡಿ, ತೆರೆಯ ಹಿಂದಿನ ಬದುಕು

ಶುಕ್ರವಾರ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ "ಈಗ ಏನು ನೋಡೋಣ" ಅಂತ ಕೂರುವ ಹೈದರಾಬಾದಿನ ನಮ್ಮ ಕನ್ನಡ ಮಂದಿಗೆ ಈ ವಾರದ ಮಾತು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಎಂದಿನಂತೆ ಬರಹ ರೂಪ ಇಲ್ಲಿದೆ. ಮಾತಿನಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.

ಹಳೆಯ ಹಾಲಿವುಡ್ ಡ್ಯಾನ್ಸ್ ಸಿನಿಮಾ ಅಂದ ತಕ್ಷಣ ನೆನಪಿಗೆ ಬರೋದು ಫ್ರೆಡ್ ಅಸ್ಟೇರ್ ಮತ್ತು ಜಿಂಜರ್ ರೋಜರ್ಸ್. ಅವರನ್ನು ನೋಡಿದ ಪ್ರತಿಯೊಬ್ಬರೂ ಕೇಳುವ ಪ್ರಶ್ನೆ ಒಂದೇ: ನಿಜ ಜೀವನದಲ್ಲೂ ಇವರ ನಡುವೆ ಏನಾದ್ರೂ ಇತ್ತಾ? ಮೊದಲೇ ಉತ್ತರ ಹೇಳಿಬಿಡ್ತೀನಿ. ಬ್ರಾಡ್‌ವೇ ದಿನಗಳಲ್ಲಿ ಇಬ್ಬರೂ ಕೆಲವು ಸಲ ಜತೆಯಲ್ಲಿ ಓಡಾಡಿದ್ದುಂಟು. ಸಿನಿಮಾದಲ್ಲಿ ಜೋಡಿ ಆಗುವ ಹೊತ್ತಿಗೆ ಅದು ಮುಗಿದ ಕಥೆ. 1933ರಲ್ಲಿ ಅಸ್ಟೇರ್ ಫಿಲಿಸ್ ಪಾಟರ್ ಎಂಬಾಕೆಯನ್ನು ಮದುವೆಯಾದರು; 1954ರಲ್ಲಿ ಆಕೆ ತೀರಿಕೊಳ್ಳುವವರೆಗೂ ಆ ಸಂಸಾರ ಗಟ್ಟಿಯಾಗಿಯೇ ಇತ್ತು. ಜಿಂಜರ್ ತಮ್ಮ ಬದುಕಿನಲ್ಲಿ ಐದು ಸಲ ಮದುವೆಯಾದರು, ಐದೂ ಮುರಿದವು.

ಹಾಗಾದ್ರೆ ತೆರೆ ಮೇಲೆ ನಮಗೆ ಕಾಣೋದು ಏನು?

ಅಸ್ಟೇರ್‌ಗೆ ಈ ಜೋಡಿ ಬೇಕಾಗಿಯೇ ಇರಲಿಲ್ಲ. ಚಿಕ್ಕ ಹುಡುಗನಾಗಿದ್ದಾಗಿನಿಂದ ಅಕ್ಕ ಅಡೇಲ್ ಜತೆ ವೇದಿಕೆಯಲ್ಲಿ ಕುಣಿದವರು ಅವರು. ನೋಡುವವರ ಕಣ್ಣೆಲ್ಲ ಅಕ್ಕನ ಮೇಲೇ ಇರುತ್ತಿತ್ತು. 1932ರಲ್ಲಿ ಅಡೇಲ್ ಇಂಗ್ಲೆಂಡಿನ ಶ್ರೀಮಂತ ಮನೆತನದ ಹುಡುಗನನ್ನು ಮದುವೆಯಾಗಿ ರಂಗ ಬಿಟ್ಟರು. ಅಸ್ಟೇರ್ ಒಬ್ಬಂಟಿಯಾದರು, ಒಂದು ರೀತಿಯಲ್ಲಿ ಬಿಡುಗಡೆಯೂ ಆಯಿತು. ಹಾಗಾಗಿ 1933ರ 'ಫ್ಲೈಯಿಂಗ್ ಡೌನ್ ಟು ರಿಯೋ' ಆದಮೇಲೆ ಸ್ಟುಡಿಯೋದವರು ಇವರಿಬ್ಬರನ್ನೇ ಮತ್ತೆ ಜತೆಗೆ ಹಾಕೋಣ ಅಂದಾಗ, ಇನ್ನೊಂದು ಜೋಡಿಯೊಳಗೆ ಸಿಕ್ಕಿಕೊಳ್ಳೋಕೆ ಇಷ್ಟವಿಲ್ಲ ಅಂತ ತಮ್ಮ ಏಜೆಂಟ್‌ಗೆ ಪತ್ರ ಬರೆದರು. ಆದರೂ ಇಬ್ಬರೂ ಸೇರಿ 1939ರೊಳಗೆ ಒಂಬತ್ತು ಸಿನಿಮಾ ಮಾಡಿದರು. ಹತ್ತನೆಯದು ಹತ್ತು ವರ್ಷ ಬಿಟ್ಟು, 1949ರಲ್ಲಿ ಬಂತು.

ಈ ಡ್ಯಾನ್ಸ್ ತಯಾರಾಗುತ್ತಿದ್ದ ರೀತಿ ಕೇಳಿ. ಶೂಟಿಂಗ್‌ಗೆ ವಾರಗಟ್ಟಲೆ ಮೊದಲೇ ಅಸ್ಟೇರ್ ಮತ್ತು ನೃತ್ಯ ನಿರ್ದೇಶಕ ಹರ್ಮಿಸ್ ಪ್ಯಾನ್ ಇಬ್ಬರೇ ಕೂತು ಹೆಜ್ಜೆ ಕಟ್ಟುತ್ತಿದ್ದರು. ಜಿಂಜರ್ ಭಾಗವನ್ನು ಪ್ಯಾನ್ ಕುಣಿಯುತ್ತಿದ್ದರು. ಆಮೇಲೆ ಅದೇ ಪ್ಯಾನ್, ಅಸ್ಟೇರ್ ಜಾಗದಲ್ಲಿ ನಿಂತು ಜಿಂಜರ್‌ಗೆ ಕಲಿಸುತ್ತಿದ್ದರು. ಜಿಂಜರ್ ಆ ಹೊತ್ತಿಗೆ ಬೇರೆ ಸಿನಿಮಾಗಳಲ್ಲೂ ನಟಿಸುತ್ತಿದ್ದರಿಂದ ಕಲಿಯೋಕೆ ಸಿಗುತ್ತಿದ್ದ ಸಮಯ ಕಮ್ಮಿ. ಕ್ಯಾಮೆರಾ ವಿಷಯದಲ್ಲೂ ಅಸ್ಟೇರ್ ಹಟವಾದಿ: ತಲೆಯಿಂದ ಪಾದದವರೆಗೆ ಪೂರ್ತಿ ಮೈ ಕಾಣಬೇಕು, ಆದಷ್ಟೂ ಕಟ್ ಇರಬಾರದು. ಹಾಗಾಗಿ ಒಬ್ಬರು ಒಂದು ಹೆಜ್ಜೆ ತಪ್ಪಿದರೆ ಮತ್ತೆ ಶುರುವಿನಿಂದ ಮಾಡಬೇಕು. 'ಸ್ವಿಂಗ್ ಟೈಮ್' (1936) ಸಿನಿಮಾದ ಕೊನೆಯ ದೊಡ್ಡ ಡ್ಯಾನ್ಸ್‌ಗೆ 47 ಟೇಕ್ ಆಯಿತು, ಜಿಂಜರ್ ಪಾದದಿಂದ ರಕ್ತ ಬಂದಿತ್ತು ಅಂತ ದಾಖಲಾಗಿದೆ.

ಜಗಳವೂ ಇತ್ತು. 'ಟಾಪ್ ಹ್ಯಾಟ್' (1935) ಶೂಟಿಂಗ್‌ಗೆ ಜಿಂಜರ್ ಹಕ್ಕಿ ಗರಿಗಳ ಗೌನ್ ಹಾಕಿಕೊಂಡು ಬಂದರು. ಒಂದು ಸುತ್ತು ತಿರುಗಿದರೆ ಸಾಕು, ಗರಿ ಉದುರಿ ಅಸ್ಟೇರ್ ಕಣ್ಣಿಗೆ, ಕೋಟಿಗೆ. ಅಸ್ಟೇರ್ ಕೆಂಡವಾದರು, ಜಿಂಜರ್ ಬಗ್ಗಲಿಲ್ಲ. ಕೊನೆಗೆ ಆ ಗೌನಿನಲ್ಲೇ ಹಾಡು ಮುಗಿಯಿತು. ಆಮೇಲೆ ಅಸ್ಟೇರ್ ಒಂದು ಚಿನ್ನದ ಗರಿಯನ್ನು ಉಡುಗೊರೆ ಕೊಟ್ಟು ರಾಜಿಯಾದರು. ಇವತ್ತು ನೋಡಿದರೆ ಜಿಂಜರ್ ಹೇಳಿದ್ದೇ ಸರಿ. ಆ ಹಾಡಿನಲ್ಲಿ ಮೊದಲು ಕಣ್ಣು ಹೋಗುವುದೇ ಗೌನಿನ ಮೇಲೆ.

ಇವರಿಬ್ಬರ ಬಗ್ಗೆ ಒಂದು ಹಳೇ ಜೋಕ್ ಇದೆ. ಅಸ್ಟೇರ್ ಮಾಡಿದ್ದನ್ನೆಲ್ಲ ಜಿಂಜರ್ ಕೂಡ ಮಾಡಿದಳು, ಆದರೆ ಹಿಮ್ಮುಖವಾಗಿ, ಅದೂ ಎತ್ತರದ ಹೀಲ್ಸ್ ಹಾಕ್ಕೊಂಡು ಅಂತ. ಇದು ಜಿಂಜರ್ ಮಾತು ಅಂತ ಅನೇಕರು ಶೇರ್ ಮಾಡ್ತಾರೆ. ಅಲ್ಲ, ಬಾಬ್ ಥೇವ್ಸ್ ಎಂಬ ವ್ಯಂಗ್ಯಚಿತ್ರಕಾರ 1982ರಲ್ಲಿ ಬರೆದ ಕಾರ್ಟೂನಿನ ಮಾತು. ಜೋಕ್ ಹಿಂದೆ ಲೆಕ್ಕವೂ ಇದೆ. ಅಸ್ಟೇರ್‌ಗೆ ಸಿನಿಮಾ ಲಾಭದಲ್ಲಿ ಪಾಲು ಸಿಗುತ್ತಿತ್ತು. ಜಿಂಜರ್ ತಮ್ಮ ಸಂಬಳಕ್ಕಾಗಿ ಸ್ಟುಡಿಯೋ ಜತೆ ಜಗಳ ಆಡಬೇಕಾಯಿತು. ಒಬ್ಬರೇ ನಟಿಸಿ ತೋರಿಸುತ್ತೇನೆ ಅಂತ ಹೊರಟು, 1940ರ 'ಕಿಟ್ಟಿ ಫಾಯಿಲ್' ಚಿತ್ರಕ್ಕೆ ಶ್ರೇಷ್ಠ ನಟಿ ಆಸ್ಕರ್ ತಗೊಂಡರು. ಅದರಲ್ಲಿ ಅಸ್ಟೇರ್ ಇಲ್ಲ.

ನನ್ನ ಹೆಂಡತಿಗೆ ಈ ಜೋಕ್ ಹೇಳಿದೆ. ನಗಲಿಲ್ಲ. "ಹೀಲ್ಸ್ ದೊಡ್ಡ ವಿಷಯ ಅಲ್ಲ ಕಣ್ರೀ. ಹಿಂದಕ್ಕೆ ನಡೆಯೋಳಿಗೆ ಎಲ್ಲಿಗೆ ಹೋಗ್ತಿದೀನಿ ಅಂತ ಕಾಣಲ್ಲ, ಅದು ವಿಷಯ" ಅಂದಳು. ಈ ಮಾತಿಗೆ ಆಮೇಲೆ ಬರ್ತೀನಿ.

ನಿಜ ಜೀವನದಲ್ಲೂ ಗಂಡ–ಹೆಂಡತಿ ಆಗಿದ್ದ ಡ್ಯಾನ್ಸ್ ಜೋಡಿ ಹಾಲಿವುಡ್‌ನಲ್ಲಿ ಇರಲಿಲ್ವಾ? ಇತ್ತು. ಮಾರ್ಜ್ ಮತ್ತು ಗೋವರ್ ಚಾಂಪಿಯನ್. 1947ರಲ್ಲಿ ಮದುವೆ, 1951ರ 'ಶೋ ಬೋಟ್' ಮುಂತಾದ ಚಿತ್ರಗಳಲ್ಲಿ ಜತೆಯಾಗಿ ಕುಣಿತ, 1973ರಲ್ಲಿ ವಿಚ್ಛೇದನ. ಅಂದರೆ ಮನೆಯಲ್ಲಿ ಜತೆ ಇದ್ದ ಮಾತ್ರಕ್ಕೆ ಜೋಡಿ ಉಳಿಯುತ್ತೆ ಅಂತಲೂ ಇಲ್ಲ, ಮನೆ ಬೇರೆ ಆದ ಮಾತ್ರಕ್ಕೆ ವೇದಿಕೆ ಮೇಲೆ ಕಾಣೋ ಪ್ರೀತಿ ಸುಳ್ಳು ಅಂತಲೂ ಇಲ್ಲ.

ಈಗ ನಮ್ಮೂರಿಗೆ ಬರೋಣ. ಅಸ್ಟೇರ್–ಜಿಂಜರ್ ಒಟ್ಟಿಗೆ ಕುಣಿಯುವುದನ್ನು ನಿಲ್ಲಿಸಿದ 1940ರ ದಶಕದಲ್ಲಿ ಬೆಂಗಳೂರಿನಲ್ಲಿ ಒಂದು ಜೋಡಿ ಶುರುವಾಗಿತ್ತು: ಯು. ಎಸ್. ಕೃಷ್ಣರಾವ್ (1912–2005) ಮತ್ತು ಚಂದ್ರಭಾಗಾ ದೇವಿ (1921–1997). ಕೃಷ್ಣರಾವ್ ವೃತ್ತಿಯಿಂದ ರಸಾಯನಶಾಸ್ತ್ರದ ಅಧ್ಯಾಪಕ. ಇಬ್ಬರೂ ಪಂದನಲ್ಲೂರಿನ ಗುರು ಮೀನಾಕ್ಷಿಸುಂದರಂ ಪಿಳ್ಳೆಯವರ ಶಿಷ್ಯರು. ನಮ್ಮಲ್ಲಿ ಕೆಲವರು ಹಗಲು ಕೋಡ್ ಬರೆದು ಸಂಜೆ ಯಕ್ಷಗಾನದ ತಾಳ ಹಾಕ್ತಾರಲ್ಲ, ಅವರ ಹಿರಿಯಣ್ಣ ಇವರು ಅನ್ನಬಹುದು.

ಭರತನಾಟ್ಯದಲ್ಲಿ ಜೋಡಿ ಆಗೋದು ಅಷ್ಟು ಸುಲಭ ಅಲ್ಲ. ಅಲಾರಿಪುವಿನಿಂದ ತಿಲ್ಲಾನದವರೆಗೆ ಇಡೀ ಕ್ರಮ ಒಬ್ಬರು ಕುಣಿಯೋಕೆ ಅಂತ ರೂಪುಗೊಂಡಿದ್ದು. ವರ್ಣ, ಪದಗಳಲ್ಲಿ ನಾಯಿಕೆ ಎದುರಿಗಿಲ್ಲದ ನಾಯಕನಿಗಾಗಿ ಕಾಯ್ತಾಳೆ, ಸಖಿಯ ಹತ್ತಿರ ದೂರು ಹೇಳ್ತಾಳೆ. ನಾಯಕ ಪಕ್ಕದಲ್ಲೇ ನಿಂತಿದ್ರೆ ಕಾಯೋದು ಯಾರನ್ನ? ಹಾಗಾಗಿ ಗಂಡ–ಹೆಂಡತಿ ಒಟ್ಟಿಗೆ ಕುಣಿಯಬೇಕಾದರೆ ಯಾವುದು ಇಬ್ಬರದು, ಯಾವುದು ಒಬ್ಬರದು, ಒಬ್ಬರು ಕುಣಿಯುವಾಗ ಇನ್ನೊಬ್ಬರು ಏನು ಮಾಡಬೇಕು ಅನ್ನೋದನ್ನೆಲ್ಲ ಹೊಸದಾಗಿ ಯೋಚಿಸಬೇಕು. ಅದರ ಜತೆಗೆ ಆ ಕಾಲ ಬೇರೆ. ಮರ್ಯಾದಸ್ತರ ಮನೆ ಹೆಣ್ಣು ವೇದಿಕೆ ಹತ್ತೋದೇ ಸುದ್ದಿ, ಕಾಲೇಜು ಮೇಷ್ಟ್ರು ಗೆಜ್ಜೆ ಕಟ್ಟೋದು ಇನ್ನೂ ದೊಡ್ಡ ಸುದ್ದಿ. ಇವರು ಎರಡನ್ನೂ ಮಾಡಿದರು. ಮುಂದೆ ಕೃಷ್ಣರಾವ್ ಬೆಂಗಳೂರು ವಿಶ್ವವಿದ್ಯಾಲಯದ ನೃತ್ಯ ವಿಭಾಗವನ್ನು ಕಟ್ಟಿ ನಡೆಸಿದರು. ಕಲಾಲೋಕ ಇವತ್ತಿಗೂ ಈ ಇಬ್ಬರ ಹೆಸರನ್ನು ಒಟ್ಟಿಗೇ ಹೇಳುತ್ತೆ. ಪ್ರತಿಭಾ ಪ್ರಹ್ಲಾದ್ ಅಂಥ ಕಲಾವಿದೆ ಇವರ ಕೈಯಲ್ಲಿ ಕಲಿತವರು.

ಇನ್ನು ನಾವಿರುವ ಈ ನಾಡಿನ ಜೋಡಿ. ಅದಿಲಾಬಾದ್ ಕಡೆಯ ಹಳ್ಳಿಯಿಂದ ಬಂದ ರಾಜಾ ರೆಡ್ಡಿ, ರಾಧಾ ರೆಡ್ಡಿ. ಬಾಲ್ಯದಲ್ಲೇ ಮದುವೆ, ಆಮೇಲೆ ಇಬ್ಬರೂ ಸೇರಿ ಕೂಚಿಪುಡಿ ಕಲಿತರು. ಕೂಚಿಪುಡಿಯಲ್ಲಿ ಸಮಸ್ಯೆ ಉಲ್ಟಾ. ಅಲ್ಲಿ ಪಾತ್ರಗಳು ಬೇಕಾದಷ್ಟಿದ್ದವು, ಆದರೆ ಸಂಪ್ರದಾಯದಲ್ಲಿ ಹೆಣ್ಣಿಗೇ ಜಾಗ ಇರಲಿಲ್ಲ. ಸತ್ಯಭಾಮೆಯ ಜಡೆ ಹಾಕಿಕೊಂಡು ಬರುತ್ತಿದ್ದವರು ಗಂಡಸರೇ, ನಮ್ಮ ಯಕ್ಷಗಾನದ ಸ್ತ್ರೀವೇಷದ ಹಾಗೆ. ಅಂಥ ಕಲೆಯಲ್ಲಿ ರಾಧಾ ತಾವೇ ಹೆಣ್ಣು ಪಾತ್ರಕ್ಕೆ ನಿಂತರು, ಪಕ್ಕದಲ್ಲಿ ರಾಜಾ.

ಈ ಕಥೆಯಲ್ಲಿ ಒಬ್ಬ ಕನ್ನಡತಿಯೂ ಇದ್ದಾರೆ. ರಾಜಾ ರೆಡ್ಡಿ 1960ರ ದಶಕದಲ್ಲಿ ದೆಹಲಿಗೆ ಹೋಗಿ ಕೊರಿಯೋಗ್ರಫಿ ಕಲಿತದ್ದು ಬೆಂಗಳೂರಿನಲ್ಲಿ ಹುಟ್ಟಿದ ಮಾಯಾ ರಾವ್ (1928–2014) ಅವರ ಬಳಿ. ಮಾಯಾ ರಾವ್ ಕಥಕ್ ಕಲಾವಿದೆ, ಸೋವಿಯತ್ ರಷ್ಯಾಕ್ಕೆ ಹೋಗಿ ನೃತ್ಯ ಸಂಯೋಜನೆ ಓದಿ ಬಂದವರು. 1987ರಲ್ಲಿ ಅವರು ತಮ್ಮ ಸಂಸ್ಥೆಯನ್ನು ಬೆಂಗಳೂರಿಗೆ ತಂದರು. ಇಬ್ಬರು ಒಂದೇ ವೇದಿಕೆಯನ್ನು ಹೇಗೆ ಹಂಚಿಕೊಳ್ಳಬೇಕು ಅನ್ನೋದು ಆ ವಿದ್ಯೆಯ ಮೊದಲ ಪಾಠಗಳಲ್ಲಿ ಒಂದು.

ರೆಡ್ಡಿ ದಂಪತಿಗೆ 1984ರಲ್ಲಿ ಪದ್ಮಶ್ರೀ ಬಂತು, 2000ದಲ್ಲಿ ಪದ್ಮಭೂಷಣ ಬಂತು. ಎರಡು ಸಲವೂ ಇಬ್ಬರಿಗೂ, ಒಂದೇ ವರ್ಷ. ಅವರು ದೆಹಲಿಯಲ್ಲಿ ಕಟ್ಟಿದ ನಾಟ್ಯ ತರಂಗಿಣಿಯ ಶಾಖೆಯನ್ನು ಮಗಳು ಯಾಮಿನಿ ರೆಡ್ಡಿ ಇದೇ ಹೈದರಾಬಾದಿನಲ್ಲಿ ನಡೆಸುತ್ತಿದ್ದಾರೆ.

ಅಲ್ಲಿ ಜಿಂಜರ್ ಸಂಬಳಕ್ಕೆ ಜಗಳ ಆಡಿದ್ದು, ಇಲ್ಲಿ ಎರಡು ಹೆಸರೂ ಒಂದೇ ಪಟ್ಟಿಯಲ್ಲಿ ಬಂದಿದ್ದು. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ನನ್ನ ಮನೆಯೇ ನೆನಪಾಯಿತು. ನಾವು ಹೈದರಾಬಾದಿಗೆ ಬಂದಿದ್ದು ನನ್ನ ಪ್ರಮೋಷನ್ ಕಾರಣಕ್ಕೆ. ಅವಳು ಬೆಂಗಳೂರಿನ ಒಳ್ಳೇ ಕೆಲಸ ಬಿಟ್ಟು ಬಂದಳು. ಇಲ್ಲಿ ಮತ್ತೆ ಕೆಲಸ ಸಿಗೋಕೆ ಒಂದೂವರೆ ವರ್ಷ ಆಯಿತು, ಅದೂ ಒಂದು ಮೆಟ್ಟಿಲು ಕೆಳಗೆ. ಊರಿಗೆ ಹೋದಾಗ ಎಲ್ಲರೂ ಕೇಳಿದ್ದು ನನ್ನ ಹೊಸ ಪೋಸ್ಟ್ ಬಗ್ಗೆ. ಆ ಒಂದೂವರೆ ವರ್ಷದಲ್ಲಿ ಮನೆ ಹುಡುಕಿದ್ದು, ಮಗೂನ ಸ್ಕೂಲಿಗೆ ಸೇರಿಸಿದ್ದು, ತೆಲುಗು ಕಲಿತು ತರಕಾರಿಯವರ ಜತೆ ಚೌಕಾಸಿ ಮಾಡಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ನಿಜ ಹೇಳಬೇಕು ಅಂದ್ರೆ ನಾನೂ ಕೇಳಿರಲಿಲ್ಲ. ಹಿಂದಕ್ಕೆ ನಡೆಯೋಳಿಗೆ ದಾರಿ ಕಾಣಲ್ಲ ಅಂತ ಅವಳು ಅಂದಿದ್ದು ಸಿನಿಮಾ ಬಗ್ಗೆ ಮಾತ್ರ ಅಲ್ಲ ಅಂತ ನನಗೆ ಹೊಳೆಯೋಕೆ ಸ್ವಲ್ಪ ಹೊತ್ತು ಬೇಕಾಯಿತು.

ಮುಂದಿನ ಸಲ ಹಳೇ ಡ್ಯಾನ್ಸ್ ಸಿನಿಮಾ ಹಾಕಿದಾಗ "ಇವರಿಬ್ಬರ ನಡುವೆ ಏನಿತ್ತು" ಅನ್ನೋ ಪ್ರಶ್ನೆಗೆ ಐದು ನಿಮಿಷ ರಜೆ ಕೊಡಿ. ಹಿಂದಕ್ಕೆ ಹೆಜ್ಜೆ ಹಾಕುತ್ತಿರುವವರ ಪಾದ ನೋಡಿ. ಸಿನಿಮಾ ಬೇಡ ಅಂದ್ರೆ ವಾರಾಂತ್ಯದ ಸಂಜೆ ಮಾದಾಪುರದ ಶಿಲ್ಪಾರಾಮಂ ಕಡೆ ಹೋಗಿ, ಅಲ್ಲಿ ಕೂಚಿಪುಡಿ ಕಾರ್ಯಕ್ರಮಗಳು ನಡೀತಾನೇ ಇರ್ತವೆ.

ಅಂದ ಹಾಗೆ, ನಮ್ಮ ಮನೆಯಲ್ಲಿ ಈಗ ಇನ್ನೊಂದು ಊರಿನ ಆಫರ್ ಬಂದಿದೆ. ಈ ಸಲ ಅವಳಿಗೆ. ಇನ್ನೂ ಏನೂ ತೀರ್ಮಾನ ಮಾಡಿಲ್ಲ. ಆದರೆ ಹಿಮ್ಮುಖವಾಗಿ ನಡೆಯೋದನ್ನ ನಾನೂ ಸ್ವಲ್ಪ ಪ್ರಾಕ್ಟೀಸ್ ಮಾಡ್ತಾ ಇದೀನಿ.