ಇಸ್ತ್ರಿ ಪೆಟ್ಟಿಗೆಯ ಕೆಳಗೊಂದು ಸರ್ಕ್ಯೂಟು

ಜೆರಾಕ್ಸ್ ಅಂಗಡಿಯವರು ಕೈಗಿಟ್ಟ ಹಾಳೆ ಇನ್ನೂ ಬೆಚ್ಚಗಿರುತ್ತದೆ. ಅದರ ಮೇಲಿನ ಕಪ್ಪನ್ನು ನಾವು ಇಂಕು ಅಂದುಕೊಳ್ಳುತ್ತೇವೆ. ಅಸಲಿಗೆ ಅದು ಪ್ಲಾಸ್ಟಿಕ್. ಟೋನರ್ ಎಂಬುದು ಇಂಗಾಲದ ಕಪ್ಪು ಬೆರೆತ ಪ್ಲಾಸ್ಟಿಕ್ ಹುಡಿ. ಒಂದೊಂದು ಕಣವೂ ಸುಮಾರು 5ರಿಂದ 10 ಮೈಕ್ರಾನ್ ಗಾತ್ರದ್ದು. ಸ್ಥಿರ ವಿದ್ಯುತ್ತಿನ ಸೆಳೆತಕ್ಕೆ ಯಂತ್ರದೊಳಗಿನ ಡ್ರಮ್ಮಿನ ಮೇಲೆ ಕೂತು, ಅಲ್ಲಿಂದ ಕಾಗದಕ್ಕೆ ದಾಟಿ, ಕೊನೆಗೆ 200 ಡಿಗ್ರಿಯ ಆಸುಪಾಸಿನಲ್ಲಿ ಕಾದ ರೋಲರಿನಡಿ ಕರಗಿ ಅಂಟಿಕೊಳ್ಳುತ್ತದೆ. ಹೀಗೆ ಒಮ್ಮೆ ಕರಗಿದ್ದನ್ನು ಇನ್ನೊಮ್ಮೆ ಕರಗಿಸಬಹುದು. ತಾಮ್ರವನ್ನು ತಿಂದುಹಾಕುವ ರಾಸಾಯನಿಕದಲ್ಲಿ ಮುಳುಗಿಸಿಟ್ಟರೂ ಅದಕ್ಕೆ ಏನೂ ಆಗುವುದಿಲ್ಲ. ಲೇಸರ್ ಪ್ರಿಂಟರ್ ಮತ್ತು ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡು ಮನೆಯಲ್ಲೇ ಪಿಸಿಬಿ ಮಾಡುವ ವಿದ್ಯೆ ನಿಂತಿರುವುದು ಇಷ್ಟರ ಮೇಲೆ.

ಪಿಸಿಬಿ ಅಂದರೆ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್. ಟಿವಿಯ ರಿಮೋಟು ಬಿದ್ದು ಬಾಯಿಬಿಟ್ಟಾಗ ಒಳಗೆ ಕಾಣುವ ಹಸಿರು ಅಥವಾ ಕಂದು ಹಲಗೆ ಅದೇ. ಅದರ ಮೇಲಿನ ತಾಮ್ರದ ಗೆರೆಗಳೇ ವೈರುಗಳು. ಆ ಗೆರೆಗಳನ್ನು ಯಾರೂ ಬರೆದು ಅಂಟಿಸಿರುವುದಿಲ್ಲ. ಮೊದಲು ಹಲಗೆಯ ತುಂಬ ತಾಮ್ರವಿರುತ್ತದೆ, ಬೇಡದ್ದನ್ನು ಕರಗಿಸಿ ತೆಗೆದ ಮೇಲೆ ಬೇಕಾದ ಗೆರೆ ಉಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ‘ಕಾಪರ್ ಕ್ಲ್ಯಾಡ್’ ಅಂತ ಕೇಳಿದರೆ ಎರಡು ಬಗೆಯದನ್ನು ತೋರಿಸುತ್ತಾರೆ. ಒಂದು ಕಾಗದ ಮತ್ತು ಫಿನಾಲಿಕ್ ರಾಳದ ಕಂದು ಹಲಗೆ, ಅಗ್ಗ. ಇನ್ನೊಂದು ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ಕುಡಿಸಿ ಮಾಡಿದ್ದು, ಸಾಮಾನ್ಯವಾಗಿ 1.6 ಮಿಲಿಮೀಟರ್ ದಪ್ಪ. ಎರಡರ ಮೇಲೂ ಹೆಚ್ಚಾಗಿ 35 ಮೈಕ್ರಾನಿನ ತಾಮ್ರವೇ. ಕಾಸು ಉಳಿಸಬೇಕೆಂದು ಕಂದು ಹಲಗೆ ಕೊಳ್ಳುವವರಿಗೆ ನನ್ನದೊಂದು ಮಾತು: ಬೆಸುಗೆಯ ಬಿಸಿ ತುಸು ಹೆಚ್ಚಾದರೂ ಅದರ ತಾಮ್ರ ಎದ್ದು ಬರುತ್ತದೆ. ಗಾಜಿನದೇ ವಾಸಿ.

ಈ ವಿದ್ಯೆಯ ಹಿಂದೆ ಒಬ್ಬರನ್ನೊಬ್ಬರು ಅರಿಯದ ಇಬ್ಬರ ಕೆಲಸವಿದೆ. ಪಾಲ್ ಐಸ್ಲರ್ ವಿಯೆನ್ನಾದ ಎಂಜಿನಿಯರ್, ಮುದ್ರಣದ ಕೆಲಸವನ್ನೂ ಹತ್ತಿರದಿಂದ ಕಂಡವರು. ಯಹೂದಿಗಳಿಗೆ ಅಲ್ಲಿ ಬದುಕು ಕಷ್ಟವಾದಾಗ 1936ರಲ್ಲಿ ಲಂಡನ್ನಿಗೆ ಬಂದು, ವೈರುಗಳ ಜಾಲದ ಬದಲು ತಾಮ್ರದ ತೆಳುಹಾಳೆಯಲ್ಲಿ ಕೊರೆದ ಗೆರೆಗಳಿಂದಲೇ ಹಾಡುವ ರೇಡಿಯೊ ಕಟ್ಟಿದರು. ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಚೆಸ್ಟರ್ ಕಾರ್ಲ್‌ಸನ್ ಎಂಬ ಪೇಟೆಂಟ್ ವಿಭಾಗದ ನೌಕರ ದಸ್ತಾವೇಜುಗಳ ನಕಲು ಮಾಡಿಸಿ ಮಾಡಿಸಿ ಬೇಸತ್ತಿದ್ದರು. 1938ರ ಅಕ್ಟೋಬರ್ 22ರಂದು ಆಸ್ಟೋರಿಯಾದ ಚಿಕ್ಕ ಕೋಣೆಯೊಂದರಲ್ಲಿ, ಸಹಾಯಕ ಆಟೋ ಕೊರ್ನೈ ಜತೆ ಸೇರಿ, ಗಂಧಕ ಬಳಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ವಿದ್ಯುತ್ ತುಂಬಿದರು. ತಾರೀಕು ಮತ್ತು ಊರಿನ ಹೆಸರು ಬರೆದ ಗಾಜನ್ನು ಅದರ ಮೇಲಿಟ್ಟು ಬೆಳಕು ಬಿಟ್ಟರು. ಮೇಲೆ ಹುಡಿ ಉದುರಿಸಿ ಊದಿದಾಗ ಅಕ್ಷರ ಮೂಡಿತು. ಆ ಹುಡಿಯನ್ನು ಮೇಣದ ಕಾಗದಕ್ಕೆ ಒತ್ತಿ, ಬಿಸಿ ಮಾಡಿ ಅಂಟಿಸಿದರು. ಕಾರ್ಲ್‌ಸನ್ ಅವರ ಉಪಾಯಕ್ಕೆ ಗ್ಯಾರಿ ಸ್ಟಾರ್ಕ್‌ವೆದರ್ 1969ರಲ್ಲಿ ಜೆರಾಕ್ಸ್ ಕಂಪನಿಯಲ್ಲಿ ಲೇಸರ್ ಜೋಡಿಸಿದರು. 1984ರಲ್ಲಿ ಎಚ್‌ಪಿಯ ಲೇಸರ್‌ಜೆಟ್ ಮೇಜಿನ ಮೇಲೆ ಬಂದು ಕೂತಿತು. ಐಸ್ಲರ್ ಅವರ ತಾಮ್ರದ ಹಾಳೆಗೂ ಕಾರ್ಲ್‌ಸನ್ ಅವರ ಹುಡಿಗೂ ಗಂಟು ಹಾಕಿದವರು ಮನೆಯ ಮೂಲೆಯಲ್ಲಿ ಕೂತು ಬೆಸುಗೆ ಹಾಕುತ್ತಿದ್ದ ಹವ್ಯಾಸಿಗಳು.

ಅದಕ್ಕೂ ಮುಂಚೆ ಏನು ಮಾಡುತ್ತಿದ್ದರು? ಉಗುರುಬಣ್ಣದಿಂದಲೋ ಓವರ್‌ಹೆಡ್ ಪ್ರೊಜೆಕ್ಟರಿನ (ಓಎಚ್‌ಪಿ) ಪೆನ್ನಿನಿಂದಲೋ ತಾಮ್ರದ ಮೇಲೆ ಕೈಯಾರೆ ಗೆರೆ ಎಳೆಯುತ್ತಿದ್ದರು. ಎಲ್‌ಇಡಿ ಮಿನುಗಿಸುವ ಸರ್ಕ್ಯೂಟಿಗೆ ಅಷ್ಟು ಸಾಕು. ಕಾಲಿಂದ ಕಾಲಿಗೆ 2.54 ಮಿಲಿಮೀಟರ್ ಅಂತರದ ಐಸಿ ಚಿಪ್ ಬಂದರೆ ಕೈ ನಡುಗುತ್ತದೆ. ಆ ಕಾಲುಗಳ ನಡುವೆ ಒಂದು ಗೆರೆ ನುಸುಳಬೇಕಾದರಂತೂ ಪೆನ್ನಿನ ಆಟ ಮುಗಿದಂತೆಯೇ. 600 ಡಿಪಿಐ ಪ್ರಿಂಟರಿನ ಒಂದು ಚುಕ್ಕಿ 0.04 ಮಿಲಿಮೀಟರಿಗೆ ಸ್ವಲ್ಪ ಹೆಚ್ಚು, ಅಷ್ಟೇ.

ನಕ್ಷೆಯನ್ನು ಕಾಗದಕ್ಕೆ ಪ್ರಿಂಟ್ ಮಾಡಿ, ಅದರ ಟೋನರನ್ನು ಇಸ್ತ್ರಿಯ ಬಿಸಿಯಿಂದ ತಾಮ್ರಕ್ಕೆ ದಾಟಿಸುವುದೇ ಈಗಿನ ದಾರಿ. ನಕ್ಷೆ ಬಿಡಿಸಲು ಕಿಕ್ಯಾಡ್ ಎಂಬ ಉಚಿತ ತಂತ್ರಾಂಶವಿದೆ. ಅದೂ ಬೇಡವೆಂದರೆ ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಪತ್ರಿಕೆ ತನ್ನ ಸರ್ಕ್ಯೂಟುಗಳ ಪಿಸಿಬಿ ನಕ್ಷೆಯನ್ನು ನಿಜ ಗಾತ್ರದಲ್ಲೇ ಅಚ್ಚು ಹಾಕುತ್ತ ಬಂದಿದೆ. ಜೆರಾಕ್ಸ್ ಯಂತ್ರದ ಹುಡಿಯೂ ಅದೇ ಜಾತಿಯದಾದ್ದರಿಂದ ನೇರವಾಗಿ ಪ್ರತಿ ತೆಗೆದರೂ ನಡೆಯುತ್ತದೆ. ಇಂಕ್‌ಜೆಟ್ ಪ್ರಿಂಟರಿನಿಂದ ಮಾತ್ರ ಇಲ್ಲಿ ಏನೇನೂ ಉಪಯೋಗವಿಲ್ಲ.

ಇಲ್ಲಿ ಹೊಸಬರನ್ನು ಕಾಡುವುದು ಎಡ-ಬಲದ ಗೊಂದಲ. ತಂತ್ರಾಂಶವು ಕೆಳಗಿನ ತಾಮ್ರವನ್ನು ಮೇಲಿನಿಂದ, ಹಲಗೆಯೇ ಪಾರದರ್ಶಕವೆಂಬಂತೆ ತೋರಿಸುತ್ತದೆ. ಅದನ್ನು ಹಾಗೆಯೇ ಪ್ರಿಂಟ್ ಮಾಡಬೇಕು. ಕಾಗದವನ್ನು ತಾಮ್ರದ ಮೇಲೆ ಬೋರಲಾಗಿ ಇಟ್ಟಾಗ ಅದು ತಾನಾಗಿ ತಿರುಗಿಕೊಳ್ಳುತ್ತದೆ. ‘ಮಿರರ್’ ಗುಂಡಿ ಒತ್ತಿದರೆ ಎಂಟು ಕಾಲಿನ ಐಸಿಯ ಒಂದನೇ ಕಾಲು ಹೋಗಿ ಎಂಟನೇ ಕಾಲಿನ ಜಾಗದಲ್ಲಿ ಕೂರುತ್ತದೆ. ಇದಕ್ಕೆ ಹಳಬರ ಉಪಾಯ: ಆ ಪದರದಲ್ಲೇ ಒಂದು ಇಂಗ್ಲಿಷ್ ಅಕ್ಷರವನ್ನು, ‘ಆರ್’ ಅನ್ನೋ ‘ಎಫ್’ ಅನ್ನೋ, ಬರೆದಿಡುವುದು. ಕಾಗದದ ಮೇಲೆ ಅದು ಎಡ-ಬಲ ತಿರುಗಿ ಕಂಡರೆ ತಾಮ್ರದ ಮೇಲೆ ನೆಟ್ಟಗಿರುತ್ತದೆ.

ಇನ್ನು ಕಾಗದ. ಈ ಕೆಲಸದ ಅರ್ಧ ಗುಟ್ಟು ಅದರಲ್ಲೇ ಇದೆ. ಮಾಮೂಲಿ ಹಾಳೆಯಲ್ಲಿ ಟೋನರ್ ನಾರಿನೊಳಗೆ ಇಳಿದು ಕೂರುತ್ತದೆ, ಎಷ್ಟು ಬಿಸಿ ಕೊಟ್ಟರೂ ಪೂರ್ತಿ ಬಿಟ್ಟು ಬರುವುದಿಲ್ಲ. ನುಣ್ಣಗೆ ಹೊಳೆಯುವ ಮ್ಯಾಗಜೀನ್ ಪುಟಕ್ಕೆ ಬಿಳಿ ಜೇಡಿಯ ತೆಳು ಲೇಪ ಇರುತ್ತದೆ. ಟೋನರ್ ಅದರ ಮೇಲೆಯೇ ನಿಲ್ಲುತ್ತದೆ, ನೀರಲ್ಲಿ ನೆನೆಹಾಕಿದರೆ ಲೇಪ ಮೆತ್ತಗಾಗಿ ಕಾಗದ ಕೈಬಿಡುತ್ತದೆ. ಆದ್ದರಿಂದಲೇ ಹಾಸ್ಟೆಲುಗಳಲ್ಲಿ ಹಳೆಯ ಸಿನಿಮಾ ಪತ್ರಿಕೆಗಳಿಗೆ ಎರಡನೆಯ ಆಯುಸ್ಸು. ನಾಯಕಿಯ ಮುಖದ ಮೇಲೆ ವೋಲ್ಟೇಜ್ ರೆಗ್ಯುಲೇಟರಿನ ನಕ್ಷೆ ಮೂಡಿರುತ್ತದೆ. ಪತ್ರಿಕೆಯ ಬಣ್ಣ ಅಚ್ಚಿನ ಶಾಯಿ, ಟೋನರಿನ ಹಾಗೆ ಕರಗುವುದಲ್ಲ. ಅದು ಕಾಗದದಲ್ಲೇ ಉಳಿದುಬಿಡುತ್ತದೆ. ತೆಳು ಪುಟ ಯಂತ್ರದಲ್ಲಿ ಸಿಕ್ಕಿಕೊಳ್ಳುವ ಭಯವಿರುವುದರಿಂದ ಅದರ ಮುಂದಂಚನ್ನು ಎ4 ಹಾಳೆಗೆ ಅಂಟಿಸಿ ಕೊಡುತ್ತಾರೆ. ಆದರೂ ಎಷ್ಟೋ ಜೆರಾಕ್ಸ್ ಅಂಗಡಿಗಳವರು ಮ್ಯಾಗಜೀನ್ ಹಾಳೆ ಕಂಡೊಡನೆ ಕೈಯಾಡಿಸಿ ಬೇಡವೆನ್ನುತ್ತಾರೆ. ಅವರದು ತಪ್ಪಲ್ಲ. ಇಂಕ್‌ಜೆಟ್‌ಗೆಂದು ಮಾಡಿದ ಕೆಲವು ಫೋಟೊ ಕಾಗದಗಳಿಗೆ ಪ್ಲಾಸ್ಟಿಕ್ ಲೇಪವಿದ್ದು, ಲೇಸರ್ ಪ್ರಿಂಟರಿನ ಬಿಸಿಗೆ ಅದೇ ಕರಗಿ ರೋಲರಿಗೆ ಸುತ್ತಿಕೊಂಡರೆ ಯಂತ್ರ ಹಾಳು. ಈಗ ಪಿಸಿಬಿ ಕೆಲಸಕ್ಕೆಂದೇ ಡೆಕ್ಸ್‌ಟ್ರಿನ್ ಲೇಪದ ಹಳದಿ ಹಾಳೆಗಳು ಬರುತ್ತವೆ. ಹಿಟ್ಟಿನಿಂದ ತೆಗೆದ ಅಂಟು ಅದು, ನೀರು ತಾಗಿದರೆ ಸಾಕು ಜಾರಿಕೊಳ್ಳುತ್ತದೆ.

ತಾಮ್ರವನ್ನು ಸ್ಟೀಲ್ ಸ್ಕ್ರಬ್ಬರಿನಿಂದಲೋ ನಯವಾದ ಉಪ್ಪುಕಾಗದದಿಂದಲೋ ತಿಕ್ಕಿ, ಹಬ್ಬಕ್ಕೆ ಹುಣಸೆಹಣ್ಣು ಹಾಕಿ ಬೆಳಗಿದ ಬಿಂದಿಗೆಯಂತೆ ಮಾಡಿಕೊಳ್ಳಬೇಕು. ಆಮೇಲೆ ಬೆರಳು ತಾಗಿಸಬಾರದು. ಚರ್ಮದ ಎಣ್ಣೆಯ ಒಂದು ಗುರುತು ಬಿದ್ದರೂ ಅಲ್ಲಿ ಟೋನರ್ ಹಿಡಿಯುವುದಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿ ಬಟ್ಟೆಗೆ ಇಡುವಷ್ಟು ಬಿಸಿಗಿಟ್ಟು, ಹಬೆಯದಾದರೆ ಹಬೆ ನಿಲ್ಲಿಸಿ, ಮೊದಲು ಅಲ್ಲಾಡಿಸದೆ ಭಾರ ಹಾಕಿ ಒತ್ತಬೇಕು. ಕಾಗದ ಹಿಡಿದುಕೊಂಡಿತು ಅನ್ನಿಸಿದ ಮೇಲೆ ಅಂಚುಗಳ ಮೇಲೆ ಪೆಟ್ಟಿಗೆಯ ತುದಿಯನ್ನು ಆಡಿಸಬೇಕು, ಸೋಲುವುದು ಸಾಮಾನ್ಯವಾಗಿ ಅಂಚೇ. ಮೂರು-ನಾಲ್ಕು ನಿಮಿಷದ ಕೆಲಸ. ಒತ್ತಡ ಕಡಿಮೆಯಾದರೆ ಗೆರೆ ಹರಿದು ಬರುತ್ತದೆ, ಹೆಚ್ಚಾದರೆ ಟೋನರ್ ಹಿಸುಕಿ ಪಕ್ಕದ ಗೆರೆಗೆ ತಾಗುತ್ತದೆ. ಈ ಹದವನ್ನು ಯಾವ ಪುಸ್ತಕವೂ ಹೇಳಿಕೊಡಲಾರದು, ಪ್ರತಿ ಮನೆಯ ಪೆಟ್ಟಿಗೆಯ ಬಿಸಿಯೂ ಬೇರೆ. ಬೇಸರವಾದವರು ಗುರುತಿನ ಚೀಟಿಗೆ ಪ್ಲಾಸ್ಟಿಕ್ ಹೊದಿಸುವ ಲ್ಯಾಮಿನೇಟರಿಗೆ ಮೊರೆಹೋಗುತ್ತಾರೆ. ಅದರಲ್ಲಿ ಒತ್ತಡ ಎಲ್ಲ ಕಡೆ ಒಂದೇ ಸಮ, ಆದರೆ ಬಿಸಿ ಸಾಲದೆ ಹಲಗೆಯನ್ನು ಹಲವು ಸಲ ತೂರಿಸಬೇಕಾಗುತ್ತದೆ.

ತಣಿದ ಹಲಗೆಯನ್ನು ನೀರಲ್ಲಿ ಹತ್ತು-ಹದಿನೈದು ನಿಮಿಷ ಬಿಟ್ಟು, ಹೆಬ್ಬೆರಳಿನಿಂದ ಮೆಲ್ಲಗೆ ಕಾಗದವನ್ನು ಉಜ್ಜಿ ತೆಗೆಯುತ್ತಾರೆ. ಅವಸರ ಕೂಡದು. ಗೆರೆಗಳ ನಡುವೆ ಉಳಿದ ಬಿಳಿ ನಾರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸದಿದ್ದರೆ ಅದರಡಿಯ ತಾಮ್ರ ಕರಗದೆ ಉಳಿದುಬಿಡುತ್ತದೆ. ಅಲ್ಲಲ್ಲಿ ಹರಿದ ಗೆರೆಗೆ ಪರ್ಮನೆಂಟ್ ಮಾರ್ಕರಿನ ತೇಪೆ. ಅಗಲವಾದ ಕಪ್ಪು ಜಾಗಗಳಲ್ಲಿ ಸೂಜಿಮೊನೆಯಷ್ಟು ತೂತುಗಳು ಇದ್ದೇ ಇರುತ್ತವೆ, ಏಕೆಂದರೆ ಪ್ರಿಂಟರು ದೊಡ್ಡ ಜಾಗಕ್ಕೆ ಹುಡಿಯನ್ನು ಸಮನಾಗಿ ಹಾಸುವುದಿಲ್ಲ.

ತಾಮ್ರ ತಿನ್ನುವ ಫೆರಿಕ್ ಕ್ಲೋರೈಡ್ ಹಳದಿ-ಕಂದು ಗಟ್ಟಿಗಳಾಗಿ ಸಿಗುತ್ತದೆ. ಪ್ಲಾಸ್ಟಿಕ್ ಡಬ್ಬದಲ್ಲಿ ನೀರಿಟ್ಟು ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಕರಗುವಾಗ ಬಿಸಿಯೇಳುತ್ತದೆ. ಸ್ಟೀಲು, ಅಲ್ಯೂಮಿನಿಯಂ ಪಾತ್ರೆಗಳು ಇದರ ಹತ್ತಿರವೂ ಸುಳಿಯಬಾರದು, ಪಾತ್ರೆಯನ್ನೇ ತಿನ್ನುತ್ತದೆ. ಇಲ್ಲಿ ನಡೆಯುವ ರಸಾಯನ ಸರಳ: ಫೆರಿಕ್ ಕಬ್ಬಿಣವು ತಾಮ್ರದಿಂದ ಎಲೆಕ್ಟ್ರಾನು ಕಿತ್ತುಕೊಂಡು ಫೆರಸ್ ಆಗುತ್ತದೆ, ತಾಮ್ರ ಕ್ಲೋರೈಡಾಗಿ ನೀರಿಗಿಳಿಯುತ್ತದೆ. ದ್ರಾವಣ 40 ಡಿಗ್ರಿಯಷ್ಟು ಬೆಚ್ಚಗಿದ್ದು, ಹಲಗೆ ಮುಳುಗಿಸಿದ ಡಬ್ಬವನ್ನು ತೂಗುತ್ತಿದ್ದರೆ ಕಾಲು ಗಂಟೆಯಲ್ಲಿ ಗುಲಾಬಿ ಬಣ್ಣ ಅಂಚಿನಿಂದ ಒಳಕ್ಕೆ ಸರಿಯುತ್ತ ಮಾಯವಾಗುತ್ತದೆ. ಆಗಿಂದಾಗ್ಗೆ ಎತ್ತಿ ಬೆಳಕಿಗೆ ಹಿಡಿಯಬೇಕು. ಮರೆತು ಬಿಟ್ಟರೆ ದ್ರಾವಣ ಟೋನರಿನ ಪಕ್ಕದಿಂದ ನುಗ್ಗಿ ಅಡಿಯ ತಾಮ್ರವನ್ನೂ ಕೊರೆದು ಗೆರೆಗಳನ್ನು ಸಣಕಲು ಮಾಡುತ್ತದೆ. ಅದಕ್ಕೇ ಮನೆಯ ಬೋರ್ಡುಗಳಲ್ಲಿ ಗೆರೆ 0.4 ಮಿಲಿಮೀಟರಿಗಿಂತ ಅಗಲವಿದ್ದರೆ ನೆಮ್ಮದಿ. 0.25ಕ್ಕೆ ಇಳಿಸುವ ನುರಿತವರೂ ಇದ್ದಾರೆ. ಕೊನೆಗೆ ಅಸಿಟೋನಿನಿಂದ ಟೋನರ್ ಒರೆಸಿದರೆ ಕೆಳಗೆ ತಾಮ್ರ ಹೊಳೆಯುತ್ತದೆ. ತೂತು ಕೊರೆಯಲು ಬಿಡಿಭಾಗಗಳಿಗೆ 0.8, ಪಿನ್ ಹೆಡರುಗಳಿಗೆ 1 ಮಿಲಿಮೀಟರಿನ ಡ್ರಿಲ್ ಬಿಟ್ ಸಾಕು. ಗಾಜಿನ ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ.

ಬಳಸಿದ ದ್ರಾವಣವನ್ನು ಬಚ್ಚಲಿಗೆ ಸುರಿಯುವವರ ಬಗ್ಗೆ ನನಗೆ ತಕರಾರಿದೆ. ಫೆರಿಕ್ ಕ್ಲೋರೈಡನ್ನು ನೀರು ಶುದ್ಧೀಕರಿಸಲೂ ಬಳಸುತ್ತಾರೆ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಈಗ ಅದರಲ್ಲಿ ತಾಮ್ರವಿದೆ. ತಾಮ್ರದ ಲವಣ ಕೆರೆ ಸೇರಿದರೆ ಮೀನಿಗೆ ವಿಷ. ವಾಷಿಂಗ್ ಸೋಡ ಸ್ವಲ್ಪಸ್ವಲ್ಪವೇ ಬೆರೆಸಿದರೆ ನೊರೆಯೆದ್ದು ಲೋಹಗಳು ಕೆಸರಾಗಿ ತಳಕ್ಕಿಳಿಯುತ್ತವೆ. ಆ ಕೆಸರನ್ನು ಒಣಗಿಸಿ ಅಪಾಯಕಾರಿ ತ್ಯಾಜ್ಯವೆಂದೇ ಬೇರೆಯಾಗಿ ಕೊಡಬೇಕು. ಕೆಡದಂತೆ ಮುಚ್ಚಿಟ್ಟರೆ ಒಂದೇ ದ್ರಾವಣ ಎಷ್ಟೋ ಬೋರ್ಡುಗಳಿಗೆ ಬರುತ್ತದೆ ಎಂಬುದನ್ನೂ ಹೇಳಬೇಕು.

ಇಷ್ಟೆಲ್ಲ ರಗಳೆ ಯಾಕೆ, ಚೀನಾದ ಕಾರ್ಖಾನೆಗಳು ಹತ್ತು ಸೆಂಟಿಮೀಟರ್ ಚೌಕದ ಐದು ಬೋರ್ಡುಗಳನ್ನು ಕೆಲವೇ ಡಾಲರಿಗೆ ಮಾಡಿಕೊಡುತ್ತವಲ್ಲ ಎಂದು ಕೇಳಬಹುದು. ಅವು ಹಸಿರು ಲೇಪ ಹಾಕಿ, ತೂತಿನ ಒಳಗೋಡೆಗೂ ತಾಮ್ರ ಹಚ್ಚಿ, ಎರಡು-ನಾಲ್ಕು ಪದರದ ಹಲಗೆಗಳನ್ನು ಕೊಡುತ್ತವೆ. ಮನೆಯಲ್ಲಿ ಅಷ್ಟೆಲ್ಲ ಆಗದು. ಎರಡು ಬದಿಯ ಬೋರ್ಡೆಂದರೆ ತೂತಿನಲ್ಲಿ ವೈರಿನ ತುಂಡು ತೂರಿಸಿ ಎರಡೂ ಕಡೆ ಬೆಸುಗೆ ಹಾಕಬೇಕು. ನಾಲ್ಕು ಪದರ ಬೇಕಾದವರು, ಐವತ್ತು ಬೋರ್ಡು ಬೇಕಾದವರು ಕಾರ್ಖಾನೆಗೇ ಕಳಿಸಲಿ. ಆದರೆ ಸಾಗಣೆಯ ಖರ್ಚು, ಕಸ್ಟಮ್ಸು, ವಾರಗಳ ಕಾಯುವಿಕೆ ಸೇರಿಸಿ ನೋಡಿದರೆ ಒಂದೇ ಒಂದು ಬೋರ್ಡು ಬೇಕಾದವರ ಲೆಕ್ಕ ಬೇರೆಯಾಗುತ್ತದೆ. ಬೆಳಿಗ್ಗೆ ಹೊಳೆದ ಸರ್ಕ್ಯೂಟನ್ನು ಮಧ್ಯಾಹ್ನ ಕೊರೆದು, ಸಂಜೆಗೆ ತಪ್ಪು ಕಂಡುಹಿಡಿದು, ರಾತ್ರಿ ಇನ್ನೊಂದು ಒತ್ತಬಹುದು. ಮಾರುಕಟ್ಟೆಯಿಂದ ಕಂಪನಿಯೇ ಮಾಯವಾಗಿರುವ ಹಳೆಯ ಸ್ಟೆಬಿಲೈಜರಿನ ಸುಟ್ಟ ಬೋರ್ಡಿಗೆ ಬದಲಿ ಮಾಡುವವರು, ಬ್ಯಾಂಡಿಗೆ ತಕ್ಕಂತೆ ಫಿಲ್ಟರು ಹೊಂದಿಸುವ ಹ್ಯಾಮ್ ರೇಡಿಯೊದವರು, ಸೋಮವಾರ ಪ್ರಾಜೆಕ್ಟ್ ತೋರಿಸಬೇಕಾಗಿರುವ ಡಿಪ್ಲೊಮಾ ಹುಡುಗರು ಇಂದಿಗೂ ಇಸ್ತ್ರಿ ಪೆಟ್ಟಿಗೆ ಎತ್ತಿಕೊಳ್ಳುವುದು ಅದಕ್ಕೇ. ತಾಮ್ರ ಕಪ್ಪಾಗದಿರಲು ಅವರು ಬೋರ್ಡಿಗೆ ರೋಸಿನನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಒಂದು ಕೈ ಬಳಿದಿಡುತ್ತಾರೆ. ಬೆಸುಗೆ ಹಾಕುವಾಗ ಅದೇ ಫ್ಲಕ್ಸ್ ಆಗಿಯೂ ಕೆಲಸ ಮಾಡುತ್ತದೆ.