ಮಂಡಿ ನೋವಿದ್ದರೂ ಮೈಭಾರ ಇಳಿಸಬಹುದು

ಕಳೆದ ಜನವರಿಯಲ್ಲಿ ಸಂಘದ ಗೋದಾಮಿನಲ್ಲಿ ಕಾಫಿ ಮೂಟೆಗಳ ತೂಕ ಮುಗಿದ ಮೇಲೆ ನಾವೂ ಒಮ್ಮೆ ತೂಕದ ಯಂತ್ರ ಹತ್ತಿ ನಿಂತೆವು. 86 ಕಿಲೋ! ಮೂರು ವರ್ಷದ ಹಿಂದೆ ಪಥ್ಯ ಮಾಡಿ, ಬೆಳಗಾಗೆದ್ದು ಗುಡ್ಡ ಹತ್ತಿಳಿದು, 78ಕ್ಕೆ ತಂದಿದ್ದೆವು. ಆಮೇಲೆ ಬಲಮಂಡಿ ಹಿಡಿದುಕೊಂಡಿತು, ನಡಿಗೆ ನಿಂತಿತು, ಇಳಿಸಿದ್ದ ಎಂಟು ಕಿಲೋ ಬಡ್ಡಿ ಒಂದು ಬಿಟ್ಟು ಪೂರ್ತಿ ವಾಪಸು ಬಂತು. ಹೋದ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವಾಗ ಕೆಳಗಿನ ಅಡಿಕೆ ತೋಟಕ್ಕೆ ಇಳಿಯಲಾರದೆ, ಮೇಲೆ ನಿಂತು ಕೂಗಿ ಕೇಳಬೇಕಾಯಿತು. ಯಜಮಾನನ ಕಾಲು ತಲುಪದ ತೋಟ ಎಷ್ಟು ದಿನ ತೋಟವಾಗಿ ಉಳಿದೀತು? ಈ ಚಿಂತೆ ನಮ್ಮೊಬ್ಬರದೇ ಅಲ್ಲವೆಂದು ತಿಳಿದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮಂಡಿಯಲ್ಲಿ ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ವಯಸ್ಸು, ಹಳೆಯ ಪೆಟ್ಟು, ಅತಿಭಾರ ಮುಂತಾದ ಕಾರಣಗಳಿಂದ ಅದು ಸವೆದು ನೋವು ಕಾಣಿಸುತ್ತದೆ. ನೋವಿನಿಂದ ನಡಿಗೆ ಕಡಿಮೆ, ನಡಿಗೆ ಕಡಿಮೆಯಾದರೆ ತೊಡೆಯ ಸ್ನಾಯು ಸೊರಗುತ್ತದೆ, ತೂಕ ಏರುತ್ತದೆ, ನೋವು ಮತ್ತೂ ಹೆಚ್ಚುತ್ತದೆ. ಈ ಗಾಣದ ಸುತ್ತನ್ನು ಎಲ್ಲಿ ಮುರಿಯಬೇಕೆಂಬುದೇ ಪ್ರಶ್ನೆ.

ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೈಭಾರ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಐದು ಕಿಲೋ ಇಳಿಸಿದವನಿಗೆ ಹೆಜ್ಜೆಗೆ ಇಪ್ಪತ್ತು ಕಿಲೋ ಹಗುರ. ದಿನಕ್ಕೆ ಎಷ್ಟು ಸಾವಿರ ಹೆಜ್ಜೆ ಎಂಬುದನ್ನು ನೀವೇ ಗುಣಿಸಿಕೊಳ್ಳಿ. ಅಲ್ಲಿಯವರೇ 2013ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ, 55 ದಾಟಿದ, ಮಂಡಿ ಸವೆದ 454 ಮಂದಿಯನ್ನು 18 ತಿಂಗಳು ಗಮನಿಸಿದರು. ಪಥ್ಯ ಮಾತ್ರ ಅಥವಾ ವ್ಯಾಯಾಮ ಮಾತ್ರ ಮಾಡಿದವರಿಗಿಂತ ಎರಡನ್ನೂ ಮಾಡಿದವರಿಗೆ ನೋವು ಹೆಚ್ಚು ತಗ್ಗಿತ್ತು.

ನಾವು ಹಿಂದೆ ಮಾಡಿದ ತಪ್ಪು ಎಲ್ಲ ಭಾರವನ್ನೂ ಗುಡ್ಡದ ನಡಿಗೆಯ ಮೇಲೆ ಹಾಕಿದ್ದು. ತೂಕ ಇಳಿಸುವುದರಲ್ಲಿ ಹೆಚ್ಚಿನ ಪಾಲು ಊಟದ್ದು, ಮತ್ತು ಊಟ ತಿದ್ದಲು ಮಂಡಿಯ ಅಪ್ಪಣೆ ಬೇಕಿಲ್ಲ. ಕಾಫಿ ಬೆಳೆಯುವ ನಮ್ಮ ಮನೆಗಳಲ್ಲಿ ದಿನಕ್ಕೆ ಐದು ಲೋಟ ಕಾಫಿ ಸಾಮಾನ್ಯ. ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ ದಿನಕ್ಕೆ 50 ಗ್ರಾಂ, ಅಂದರೆ 200 ಕ್ಯಾಲೊರಿ, ತಿಂಗಳಿಗೆ 6,000. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದು ಹೇಳಿದೆ. ಕಾಫಿ ಬಿಡಬೇಕಾಗಿಲ್ಲ, ಸಕ್ಕರೆ ಬಿಟ್ಟರೆ ಸಾಕು. ಹದಿನೈದು ದಿನ ಕಹಿ, ಆಮೇಲೆ ನಮ್ಮದೇ ಬೀಜದ ನಿಜವಾದ ರುಚಿ ತಿಳಿಯುತ್ತದೆ.

ಅನ್ನ, ಕಡುಬು, ರೊಟ್ಟಿಗಳನ್ನು ಮೂರರಲ್ಲೊಂದು ಪಾಲು ತಗ್ಗಿಸಿ, ಆ ಜಾಗಕ್ಕೆ ಹರಿವೆ, ಬಸಳೆ, ಬಾಳೆದಿಂಡಿನ ಪಲ್ಯ ಬರಲಿ. ಹುರುಳಿ, ಹೆಸರುಕಾಳು, ಮಜ್ಜಿಗೆ, ತಿನ್ನುವವರಾದರೆ ಮೊಟ್ಟೆ, ಮೀನು ತಪ್ಪಬಾರದು. ವಯಸ್ಸಾದವರು ಉಪವಾಸ ಬಿದ್ದು ತೂಕ ಇಳಿಸಿದರೆ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಮಂಡಿಯನ್ನು ಎತ್ತಿ ಹಿಡಿಯುವುದೇ ಆ ಸ್ನಾಯು. ತಿಂಗಳಿಗೆ ಒಂದರಿಂದ ಎರಡು ಕಿಲೋ ಇಳಿದರೆ ಧಾರಾಳವಾಯಿತು.

ಇನ್ನು ವ್ಯಾಯಾಮ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ತೊಡೆ ಬಿಗಿಹಿಡಿದು ಐದು ಎಣಿಸಿ ಇಳಿಸಿ. ಕಾಲಿಗೆ ಹತ್ತರಂತೆ, ದಿನಕ್ಕೆ ಎರಡು ಸಲ. ಎರಡು ವಾರದ ನಂತರ ಕಾಫಿ ಕಣದಂಥ ಮಟ್ಟಸ ಜಾಗದಲ್ಲಿ ಹತ್ತು ನಿಮಿಷ ನಡೆಯಿರಿ, ವಾರಕ್ಕೆ ಎರಡೆರಡು ನಿಮಿಷ ಏರಿಸಿ. ಮೊದಲಿಗೆ ಇಳಿಜಾರು ಬೇಡ. ಇಳಿಯುವಾಗ ಮಂಡಿಗೆ ಪೆಟ್ಟು ಹೆಚ್ಚು. ಕೋಲು ಹಿಡಿಯಲು ನಾಚಬೇಡಿ. ನೋವಿರುವುದು ಬಲಮಂಡಿಯಾದರೆ ಕೋಲು ಎಡಗೈಯಲ್ಲಿರಲಿ. ಕುಕ್ಕರಗಾಲಿನಲ್ಲಿ ಕೂರುವುದನ್ನು ಬಿಡಿ, ಅಡಿಕೆ ಸುಲಿಯಲು ಕೂರುವಾಗಲೂ ಎತ್ತರದ ಪೀಠವಿರಲಿ. ವ್ಯಾಯಾಮದ ನಂತರದ ನೋವು ಎರಡು ಗಂಟೆಯಲ್ಲಿ ತಣಿದರೆ ಭಯವಿಲ್ಲ. ಮರುದಿನಕ್ಕೂ ಉಳಿದರೆ ಹಿಂದಿನ ದಿನ ಹೆಚ್ಚಾಯಿತೆಂದು ತಿಳಿದು ತಗ್ಗಿಸಿ, ಪೂರ್ತಿ ನಿಲ್ಲಿಸಬೇಡಿ.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರೂ ಮೂತ್ರಪಿಂಡದ ತೊಂದರೆ ಇರುವವರೂ ಊಟ ಬದಲಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಎರಡೂ ಕೆಡಬಹುದು. ಮಂಡಿ ಕೆಂಪಾಗಿ ಊದಿ ಬಿಸಿಯಾದರೆ, ಜ್ವರ ಬಂದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಐದು ತಿಂಗಳಲ್ಲಿ ನಾವು 81ಕ್ಕೆ ಬಂದಿದ್ದೇವೆ. ನೋವು ಪೂರ್ತಿ ಹೋಗಿಲ್ಲ. ಸವೆದದ್ದು ಮರಳಿ ಬರುವುದಿಲ್ಲವೆಂಬುದೂ ತಿಳಿದಿದೆ. ಆದರೆ ಈ ಸಲ ಬೋರ್ಡೋ ಹೊಡೆದ ದಿನ ಕೋಲೂರಿಕೊಂಡು ಕೆಳಗಿನ ತೋಟಕ್ಕೆ ಇಳಿದು, ಹಳ್ಳದ ಅಂಚಿನ ಮರಗಳ ತನಕ ನೋಡಿ ಬಂದೆವು.

ಗೋದಾಮಿನ ತೂಕದ ಯಂತ್ರ ಸದಸ್ಯರೆಲ್ಲರಿಗೂ ತೆರೆದಿದೆ. ಮೂಟೆಗೆ ರಸೀದಿ ಕೊಡುತ್ತೇವೆ, ನಿಮ್ಮ ತೂಕಕ್ಕೆ ಕೊಡುವುದಿಲ್ಲ. ಡೈರಿಯಲ್ಲಿ ನೀವೇ ಬರೆದಿಟ್ಟುಕೊಳ್ಳಿ. ಒಮ್ಮೆ ಸೋತವರು ಮತ್ತೆ ಶುರುಮಾಡಲು ಸಂಕೋಚಪಡಬೇಕಾಗಿಲ್ಲ. ಮುದಿ ಕಾಫಿ ಗಿಡವನ್ನೂ ಬುಡದಿಂದ ಚಿಗುರಿಸಿಕೊಂಡು ಫಸಲು ತೆಗೆದವರು ನಾವು.