ಮನೆ ಬದಲಾಯಿತು, ಚೆಕ್ಕು ಹಳೆಯದು

ಹೊರನಾಡಿನಲ್ಲಿ ಸಂಸಾರ ಹೂಡಿರುವ ನಮಗೆ ಮನೆ ಬದಲಿಸುವುದು ಹೊಸತೇನಲ್ಲ. ಮುಂಬಯಿಯಲ್ಲಂತೂ 11 ತಿಂಗಳ ಕರಾರು ಮುಗಿಯಿತೆಂದರೆ ಮಾಟುಂಗದ ಪಾತ್ರೆಪಡಗ ಡೊಂಬಿವಲಿಗೆ ಹೊರಟಿತೆಂದೇ ಲೆಕ್ಕ. ಹಾಲಿನವನ ಬಾಕಿ ಚುಕ್ತಾ ಆಗುತ್ತದೆ, ಗ್ಯಾಸಿನವರಿಗೆ ಹೇಳಿಯಾಗುತ್ತದೆ, ಮಕ್ಕಳ ಶಾಲೆಗೂ ತಿಳಿಸಿಯಾಗುತ್ತದೆ. ಬ್ಯಾಂಕಿನ ನೆನಪು ಕಟ್ಟಕಡೆಗೆ. ಅದೂ ಹೊಸ ಮನೆಯ ಮುಂಗಡಕ್ಕೆಂದು ಚೆಕ್‌ಬುಕ್ ತೆರೆದಾಗ. ಊರಿನ ಶಾಖೆಯ ಈ ಹಳೆಯ ಚೆಕ್ಕು ಇಲ್ಲಿ ನಡೆಯುತ್ತದೆಯೇ ಎಂದು ಆಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.

ಧಾರಾಳವಾಗಿ ನಡೆಯುತ್ತದೆ. ಅಮೆರಿಕದ ಚೆಕ್ಕುಗಳಲ್ಲಿ ಹೆಸರಿನ ಕೆಳಗೆ ಮನೆಯ ವಿಳಾಸವನ್ನೂ ಅಚ್ಚು ಹಾಕುವ ವಾಡಿಕೆಯುಂಟು. ನಮ್ಮಲ್ಲಿ ಸಾಮಾನ್ಯವಾಗಿ ಇರುವುದು ಖಾತೆದಾರರ ಹೆಸರು, ಖಾತೆಯ ಸಂಖ್ಯೆ, ಶಾಖೆಯ ವಿಳಾಸ, ಇಷ್ಟೇ. ಕೆಳಗಿನ ಬಿಳಿಯ ಪಟ್ಟಿಯಲ್ಲಿ 9 ಅಂಕಿಗಳ ಒಂದು ಗುಂಪಿದೆಯಲ್ಲ, ಅದರ ಮೊದಲ ಮೂರು ಊರನ್ನೂ ನಡುವಿನ ಮೂರು ಬ್ಯಾಂಕನ್ನೂ ಕೊನೆಯ ಮೂರು ಶಾಖೆಯನ್ನೂ ಹೇಳುತ್ತವೆ. 560 ಎಂದರೆ ಬೆಂಗಳೂರು, 400 ಎಂದರೆ ಮುಂಬಯಿ. ಹಿಂದೆ ಪರವೂರಿನ ಚೆಕ್ಕಿನ ಕಾಗದವೇ ಪ್ರಯಾಣ ಮಾಡಬೇಕಿತ್ತು. 2008ರಲ್ಲಿ ದೆಹಲಿಯಲ್ಲಿ ಮೊದಲಾದ ಪದ್ಧತಿಯಲ್ಲಿ ಚೆಕ್ಕಿನ ಚಿತ್ರ ಮಾತ್ರ ಹೋಗುತ್ತದೆ. ಈಗ ದೇಶಕ್ಕೆಲ್ಲ ಅದೇ. ಆದ್ದರಿಂದ ಶಾಖೆಯ ವಿಳಾಸವನ್ನು ಹೊಡೆದುಹಾಕಿ ಹೊಸದನ್ನು ಗೀಚುವ ಉಪದ್ವ್ಯಾಪ ಬೇಡ. ಹೆಸರನ್ನೋ ಮೊತ್ತವನ್ನೋ ತಿದ್ದಿದ ಚೆಕ್ಕು ಕೂಡ ಈ ಪದ್ಧತಿಯಲ್ಲಿ ಸಲ್ಲದು.

ನಮ್ಮವರ ಪೆಟ್ಟಿಗೆಗಳಲ್ಲಿ ಬೇರೊಂದು ಬಗೆಯ ಹಳೆಯ ಹಾಳೆಗಳೂ ಇರುತ್ತವೆ. ಮೈಸೂರು ಬ್ಯಾಂಕು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಆ ಹೆಸರುಗಳ ಮೇಲಿನ ಮಮತೆ ನಮಗೂ ಇದೆ. ಆದರೆ ಆ ಚೆಕ್ಕುಗಳಿಗೆ ಈಗ ಹಣ ಹುಟ್ಟದು.

ಚಿಂತಿಸಬೇಕಾದದ್ದು ಹಾಳೆಯ ಮೇಲಿನ ವಿಳಾಸವನ್ನಲ್ಲ, ಬ್ಯಾಂಕಿನ ದಫ್ತರದಲ್ಲಿರುವ ನಮ್ಮ ವಿಳಾಸವನ್ನು. ಹೊಸ ಚೆಕ್‌ಬುಕ್ ಬೇಡಿದರೆ ಅದು ಹೊರಡುವುದು ಆ ವಿಳಾಸಕ್ಕೇ. ಬಿಟ್ಟುಬಂದ ಮನೆಯ ಬಾಗಿಲಲ್ಲಿ ನಮ್ಮ ಹೆಸರಿನ ಚೆಕ್ಕುಗಳು ಹೋಗಿ ನಿಲ್ಲುವುದು ಹಿತವಾದ ಸಂಗತಿಯಲ್ಲ.

ಇದಕ್ಕಿಂತ ಗಂಭೀರವಾದದ್ದು ಚೆಕ್ಕು ಹಿಂದಿರುಗುವ ಪ್ರಸಂಗ. ಊರಿನ ಖಾತೆಯಲ್ಲಿ ಹಣವಿದೆಯೆಂದು ನಂಬಿ ಬಾಕಿಗೆ ಕೊಟ್ಟ ಚೆಕ್ಕು, ಹಣ ಸಾಲದೆ ಮರಳಿತೆನ್ನಿ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮಿನ ಪ್ರಕಾರ, ಹಣ ಬರಬೇಕಾದವರು ಸುದ್ದಿ ತಿಳಿದ 30 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ಅದು ಕೈಸೇರಿದ 15 ದಿನಗಳಲ್ಲಿ ನಾವು ಹಣ ತೆತ್ತರೆ ಅಪರಾಧದ ಮಾತಿಲ್ಲ. ತೆರದಿದ್ದರೆ 2 ವರ್ಷಗಳವರೆಗೆ ಸೆರೆ, ಇಲ್ಲವೆ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಮಾನ ಉಳಿಸುವ ಆ 15 ದಿನಗಳು, ನೋಟೀಸು ಹಳೆಯ ಮನೆಯ ಮೆಟ್ಟಿಲ ಮೇಲೆ ಬಿದ್ದಿದ್ದರೆ, ನಮ್ಮ ಅರಿವಿಲ್ಲದೆ ಕಳೆದುಹೋಗುತ್ತವೆ. ನೋಟೀಸು ಬರಲೇ ಇಲ್ಲವೆನ್ನುವವರು ಸಮನ್ಸು ಸಿಕ್ಕ 15 ದಿನಗಳೊಳಗೆ ಹಣ ತೆರಬಹುದೆಂದು ಸುಪ್ರೀಂ ಕೋರ್ಟು 2007ರಲ್ಲಿ ಒಂದು ದಾರಿ ತೋರಿಸಿದೆ, ನಿಜ. ಆದರೆ ಮರ್ಯಾದಸ್ಥರಿಗೆ ಸಮನ್ಸು ಮನೆಗೆ ಬರುವುದೇ ಸಾಕಲ್ಲವೆ! ಮುಂದಿನ ತಾರೀಖಿನ ಚೆಕ್ಕುಗಳನ್ನು ಯಾರ ಕೈಗೆ ಕೊಟ್ಟಿದ್ದೇವೋ ಅವರಿಗೂ ಹೊಸ ವಿಳಾಸವನ್ನು ಬರೆದು ತಿಳಿಸಬೇಕೆನ್ನುವುದು ಇದಕ್ಕಾಗಿಯೇ.

ಬ್ಯಾಂಕಿಗೆ ತಿಳಿಸಲು ಊರಿನ ರೈಲು ಹತ್ತಬೇಕಾಗಿಲ್ಲ. ವಿಳಾಸವೊಂದೇ ಬದಲಾಗಿದ್ದರೆ, ನೋಂದಾಯಿಸಿದ ಈ-ಮೇಲ್ ಅಥವಾ ಮೊಬೈಲಿನಿಂದ, ಇಲ್ಲವೆ ಒಂದು ಪತ್ರ ಬರೆದು, ನಾವೇ ಘೋಷಿಸಿದರೆ ಆಗುತ್ತದೆಂದು ರಿಸರ್ವ್ ಬ್ಯಾಂಕು 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಬ್ಯಾಂಕು 2 ತಿಂಗಳೊಳಗೆ ಅದನ್ನು ಪರಿಶೀಲಿಸಬೇಕು. ಪರಿಶೀಲನೆಯ ಕಾಗದ ಬಂದಾಗ ಕೆಳಗಿನ ಕಾವಲುಗಾರ "ಆ ಹೆಸರಿನವರು ಇಲ್ಲಿಲ್ಲ" ಎಂದು ಹಿಂದಕ್ಕೆ ಅಟ್ಟದಂತೆ, ಬಾಗಿಲಿಗೆ ಹೆಸರಿನ ಫಲಕವನ್ನು ಮೊದಲೇ ಹಾಕಿಡುವುದೊಳ್ಳೆಯದು.

ಹಾಗೆಯೇ, ಊರಿನ ಮನೆಗೆ ಬೀಗ ಹಾಕಿ ನಮ್ಮೊಡನೆ ಬಂದು ನೆಲೆಸಿದ ತಂದೆತಾಯಿಯರಿದ್ದರೆ, ಅವರ ಪಿಂಚಣಿಯ ಖಾತೆಗೆ ಯಾವ ವಿಳಾಸವಿದೆಯೆಂದು ಈ ಭಾನುವಾರವೇ ಕೇಳಿ ನೋಡೋಣ.